ಮುಚ್ಚಿಟ್ಟ ಚರಿತ್ರೆಯ ಖರ್ಚು: ಮಾಂತ್ರಿಕ ಸಮಾಜಗಳ ಕಲ್ಪಿತ ಇತಿಹಾಸವನ್ನು ಕಾಸರಗೋಡಿನಿಂದ ಓದುವುದು

(ಗಡಿನಾಡ ಕನ್ನಡದ ಬಗೆಗಿನ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ ಇದು. ಹೇಳಿದ್ದನ್ನೇ ಹೇಳಿದ ಕಡೆಗಳನ್ನು ತೆಗೆದು ಉಪಶೀರ್ಷಿಕೆಗಳನ್ನು ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಉಂಟು ಅಂತ ಭಾವಿಸ್ತೇನೆ. ಇಲ್ಲಿ ಮಳೆ ಜೋರಾಗಿದೆ. ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರಿಕೊಳ್ತೇನೆ, ಅಧ್ಯಕ್ಷರು ಸ್ವಲ್ಪ ಕಾಯಬೇಕು.

ಈ ಗೋಷ್ಠಿಯಲ್ಲಿ ಶಾಲೆಗಳ ಬಗ್ಗೆ, ಜನಪದ ಹಾಡುಗಳ ಬಗ್ಗೆ, ಗಡಿ ಆಯೋಗಗಳ ಬಗ್ಗೆ ಮಾತು ಬಂದಿದೆ. ನಾನು ಹ್ಯಾರಿ ಪಾಟರ್ ಹಿಡಿದುಕೊಂಡು ಬಂದಿದ್ದೇನೆ. ‘ಇವಳಿಗೆ ಲಿಂಕು ತಪ್ಪಿತೋ ಏನೋ’ ಅಂತ ಯಾರಿಗಾದರೂ ಅನಿಸಿದರೆ ಅದರಲ್ಲಿ ಅವರ ತಪ್ಪಿಲ್ಲ. ಕಾರಣವನ್ನು ಮೊದಲೇ ಹೇಳಿಬಿಡ್ತೇನೆ.

ನಾನು ಕಾಸರಗೋಡಿನವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ. ಹತ್ತನೆಯ ತರಗತಿ ಮುಗಿದ ರಜೆಯಲ್ಲಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಹ್ಯಾರಿ ಪಾಟರ್ ಓದಿದೆ. ಎಂ.ಎ.ಗೆ ಸೇರಿದ ಮೇಲೆ ನಾನೇ ಒಂದು ಕಥೆ ಬರೆಯಲು ಹೊರಟೆ. ಚಂದ್ರಗಿರಿ ಹೊಳೆಯ ಎರಡೂ ದಡದಲ್ಲಿ ನೂರಾರು ವರ್ಷಗಳಿಂದ ಒಂದು ಗುಪ್ತ ಮಾಂತ್ರಿಕರ ಸಂಘ ಇತ್ತು, ಅದರ ಚರಿತ್ರೆ ನಮ್ಮ ಗೊತ್ತಿರುವ ಚರಿತ್ರೆಯ ಅಡಿಯಲ್ಲಿ ಹರಿಯುತ್ತಾ ಬಂದಿದೆ ಎಂಬುದು ಕಥೆ. ಬೇಕಲ ಕೋಟೆ, ಇಕ್ಕೇರಿಯ ನಾಯಕರು, ಕಂಪೆನಿ ಸರಕಾರ, ಎಲ್ಲವೂ ಅದರಲ್ಲಿದ್ದವು. ತಾರೀಖುಗಳೆಲ್ಲ ಸರಿಯಾಗಿಯೇ ಕೂತಿದ್ದವು. ಆದರೆ ಕಥೆ ಸೋತಿತು. ಯಾಕೆ ಸೋತಿತು ಎಂಬುದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇವತ್ತಿನ ಮಾತು.

ನನ್ನ ವಾದ ಇಷ್ಟು: ಕಲ್ಪಿತ ಮಾಂತ್ರಿಕ ಸಮಾಜವೊಂದಕ್ಕೆ ಗುಪ್ತ ಇತಿಹಾಸ ಕಟ್ಟುವಾಗ ನಂಬಿಕೆ ಹುಟ್ಟುವುದು ತಾರೀಖುಗಳ ಜೋಡಣೆಯಿಂದ ಅಲ್ಲ. ಮುಚ್ಚಿಡುವುದಕ್ಕೂ ಖರ್ಚುಂಟು. ಆ ಖರ್ಚು ಯಾರ ತಲೆಗೆ ಬಿತ್ತು, ಅದರ ಲೆಕ್ಕ ಕೇಳುವವರು ಕಥೆಯ ಒಳಗೆ ಇದ್ದಾರೋ ಇಲ್ಲವೋ, ಇದರ ಮೇಲೆ ಅಂಥ ಚರಿತ್ರೆ ನಿಲ್ಲುತ್ತದೆ ಅಥವಾ ಬೀಳುತ್ತದೆ.

1. ಸಂದು ಹುಡುಕುವ ಕಲೆ

ಗುಪ್ತ ಇತಿಹಾಸ ಬರೆಯುವವರು ಮೊದಲು ಮಾಡುವ ಕೆಲಸ ನಿಜವಾದ ಚರಿತ್ರೆಯಲ್ಲಿ ಒಂದು ಸಂದು ಹುಡುಕುವುದು. ಜೆ.ಕೆ. ರೌಲಿಂಗ್ ಇದರಲ್ಲಿ ಗಟ್ಟಿಗರು. 1997ರ ಮೊದಲ ಕಾದಂಬರಿಯಲ್ಲಿಯೇ ನಿಕೊಲಾಸ್ ಫ್ಲಮೆಲ್ ಬರುತ್ತಾನೆ. ಅವನು ನಿಜವಾಗಿ ಬದುಕಿದ್ದ ಮನುಷ್ಯ. ಪ್ಯಾರಿಸ್ಸಿನಲ್ಲಿ ಹಸ್ತಪ್ರತಿ ಬರೆಯುವ, ಮಾರುವ ಕಸುಬು ಅವನದು. 1418ರಲ್ಲಿ ಸತ್ತ. ದಾನಧರ್ಮ ಮಾಡುವಷ್ಟು ಹಣವಿತ್ತು. ಇಷ್ಟು ಹಣ ಎಲ್ಲಿಂದ ಬಂತು ಎಂಬ ಜನರ ಕುತೂಹಲದ ಸುತ್ತ ದಂತಕತೆ ಬೆಳೆಯಿತು. ಅವನು ಲೋಹವನ್ನು ಚಿನ್ನ ಮಾಡುವ ರಸವಾದಿ ಎಂಬ ಪ್ರಸಿದ್ಧಿ ಹಬ್ಬಿದ್ದು ಅವನು ಸತ್ತು ಸುಮಾರು ಇನ್ನೂರು ವರ್ಷಗಳ ಮೇಲೆ. ರೌಲಿಂಗ್ ಆ ಸಂದಿಯಲ್ಲಿ ಕೈ ಹಾಕಿ, ಅವನು ಸತ್ತೇ ಇಲ್ಲ, ಈಗ 665 ವರ್ಷ ಅಂದುಬಿಡುತ್ತಾರೆ. ಓದುಗನಿಗೆ ಖುಷಿ ಆಗ್ತದೆ. ಹೊರಗೆ ಹೋಗಿ ಹುಡುಕಿದರೆ ಮನುಷ್ಯ ಸಿಗುತ್ತಾನೆ, ಗೋರಿಯ ಕಲ್ಲೂ ಸಿಗುತ್ತದೆ.

ಎರಡನೆಯ ಸಂದು ದೊಡ್ಡದು. ಮಾಂತ್ರಿಕರು ಯಾಕೆ ನಮಗೆ ಕಾಣಿಸುವುದಿಲ್ಲ? ಅವರದೇ ಒಂದು ಅಂತರರಾಷ್ಟ್ರೀಯ ಕಾನೂನು ಉಂಟು, ಗೋಪ್ಯತೆಯ ಶಾಸನ. 1689ರಲ್ಲಿ ಸಹಿ, 1692ರಲ್ಲಿ ಜಾರಿ. ಯೂರೋಪಿನ ಮಾಟಗಾತಿ ವಿಚಾರಣೆಗಳ ಶತಮಾನ ಮುಗಿಯುವ ಹೊತ್ತು ಅದು. ಅಮೆರಿಕದ ಸೇಲಂ ಊರಿನ ಕುಖ್ಯಾತ ವಿಚಾರಣೆ ನಡೆದದ್ದೂ 1692ರಲ್ಲಿಯೇ. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧದ ಹಳೆಯ ಮರಣದಂಡನೆಯ ಕಾನೂನು 1735ರಲ್ಲಿ ರದ್ದಾಯಿತು. ಬೇಟೆ ನಿಂತದ್ದು ಯಾಕೆ ಎಂಬ ಪ್ರಶ್ನೆಗೆ ಇತಿಹಾಸಕಾರರು ನ್ಯಾಯಾಲಯ, ಸಾಕ್ಷ್ಯ, ಹೊಸ ವಿಜ್ಞಾನ ಅಂತ ಕಾರಣ ಕೊಡುತ್ತಾರೆ. ಕಾದಂಬರಿ ಇನ್ನೊಂದು ಕಾರಣ ಕೊಡುತ್ತದೆ: ಬೇಟೆಯಾಡಲು ಮಾಂತ್ರಿಕರೇ ಕಾಣಿಸಲಿಲ್ಲ. ಜಾಣತನದ ಜೋಡಣೆ.

ಆದರೆ ಸಂದಿಗೆ ತಕ್ಕ ಮೊಳೆ ಹೊಡೆದ ಮಾತ್ರಕ್ಕೆ ಬಾಗಿಲು ಆಗುವುದಿಲ್ಲ. ನನ್ನ ಕಥೆಯಲ್ಲಿಯೂ ಮೊಳೆಗಳೆಲ್ಲ ಸರಿಯಾಗಿದ್ದವು.

2. ಖರ್ಚು ಕಾಣುವ ಪುಟಗಳು, ಕಾಣದ ಪುಟಗಳು

1999ರ ಮೂರನೆಯ ಕಾದಂಬರಿಯ ಆರಂಭದಲ್ಲಿ ಹ್ಯಾರಿ ರಜೆಯ ಹೋಂವರ್ಕ್ ಮಾಡ್ತಾ ಇರುತ್ತಾನೆ. ವಿಷಯ ಮಾಟಗಾತಿಯರನ್ನು ಸುಡುವುದು. ನಿಜವಾದ ಮಾಟಗಾತಿಯರಿಗೆ ಬೆಂಕಿ ತಟ್ಟುತ್ತಿರಲಿಲ್ಲವಂತೆ. ವೆಂಡಲಿನ್ ಎಂಬವಳಿಗಂತೂ ಸುಡಿಸಿಕೊಳ್ಳುವುದೇ ಖುಷಿ, ವೇಷ ಬದಲಿಸಿ 47 ಸಲ ಸಿಕ್ಕಿಬಿದ್ದಳಂತೆ. ಮಕ್ಕಳ ಪುಸ್ತಕದ ತಮಾಷೆ. ನಾನೂ ಮೊದಲ ಸಲ ನಕ್ಕಿದ್ದೆ.

ಈಗ ಲೆಕ್ಕ ನೋಡುವ. ಯೂರೋಪಿನಲ್ಲಿ ಮಾಟದ ಆರೋಪದಲ್ಲಿ ಸತ್ತವರು ಸುಮಾರು 40ರಿಂದ 60 ಸಾವಿರ ಎಂದು ಇತಿಹಾಸಕಾರರ ಅಂದಾಜು. ಬಹುಪಾಲು ಹೆಂಗಸರು. ನಿಜವಾದ ಮಾಟಗಾತಿಯರು ಸಾಯುತ್ತಿರಲಿಲ್ಲ ಎಂದಾದರೆ ಸತ್ತವರು ಯಾರು? ಮಂತ್ರ ಬಾರದ ಸಾಮಾನ್ಯ ಹೆಂಗಸರು. ಪಕ್ಕದಲ್ಲಿದ್ದ ಮಾಂತ್ರಿಕರು ಅವರನ್ನು ಉಳಿಸಿದರೇ? ಪುಟ ಮುಂದೆ ಹೋಗುತ್ತದೆ, ಪ್ರಶ್ನೆ ಬರುವುದಿಲ್ಲ. ನಮ್ಮ ದೇಶದಲ್ಲಿ ಡಾಕಿನಿ ಎಂದು ಹೆಂಗಸರನ್ನು ಕೊಲ್ಲುವುದನ್ನು ತಡೆಯಲು ಬಿಹಾರ 1999ರಲ್ಲಿ, ಝಾರ್ಖಂಡ್ 2001ರಲ್ಲಿ ಕಾನೂನು ಮಾಡಬೇಕಾಯಿತು. ವೆಂಡಲಿನ್ ನಗುತ್ತಿದ್ದ ಅದೇ ವರ್ಷ ಬಿಹಾರದಲ್ಲಿ ಕಾನೂನು ಬಂದಿದೆ. ಇಲ್ಲಿ ಕೂತು ಓದುವ ನಮಗೆ ಆ ನಗು ಪೂರ್ತಿ ದಕ್ಕುವುದಿಲ್ಲ.

ರೌಲಿಂಗ್ ಅವರಿಗೆ ಇದು ಗೊತ್ತೇ ಇರಲಿಲ್ಲ ಎಂದರೆ ತಪ್ಪಾಗ್ತದೆ. ಮುಂದಿನ ಕಾದಂಬರಿಗಳಲ್ಲಿ ಖರ್ಚು ನಿಧಾನಕ್ಕೆ ಕಾಣಲು ಶುರುವಾಗುತ್ತದೆ. 2000ದ ನಾಲ್ಕನೆಯ ಪುಸ್ತಕದಲ್ಲಿ ಕ್ವಿಡಿಚ್ ವಿಶ್ವಕಪ್ ನೋಡಲು ಬಂದವರು ಡೇರೆ ಹಾಕುವ ಮೈದಾನದ ಉಸ್ತುವಾರಿಗೆ ರಾಬರ್ಟ್ಸ್ ಎಂಬ ಸಾಮಾನ್ಯ ಮನುಷ್ಯ ಇದ್ದಾನೆ. ಅವನಿಗೆ ಸಂಶಯ ಬಂದಾಗಲೆಲ್ಲ ಅಧಿಕಾರಿಗಳು ನೆನಪು ಅಳಿಸುವ ಮಂತ್ರ ಹಾಕುತ್ತಾರೆ, ದಿನಕ್ಕೆ ಹತ್ತು ಸಲ. ಕೊನೆಗೆ ಅವನು ಬೇಸಗೆಯಲ್ಲಿ ಕ್ರಿಸ್‌ಮಸ್ ಶುಭಾಶಯ ಹೇಳುವ ಹಾಗೆ ಆಗಿಬಿಡುತ್ತಾನೆ. ಓದುವಾಗ ನಗು ಬರ್ತದೆ, ಆಮೇಲೆ ಹೊಟ್ಟೆಯಲ್ಲಿ ಏನೋ ಆಗ್ತದೆ. ಗೋಪ್ಯತೆ ಎಂಬ ದೊಡ್ಡ ಶಬ್ದದ ಬೆಲೆಯನ್ನು ಕೊಟ್ಟವನು ಒಬ್ಬ ಡೇರೆ ಮೈದಾನದ ಉಸ್ತುವಾರಿ.

ಅದೇ ಪುಸ್ತಕದಲ್ಲಿ ಹರ್ಮಯೋನಿ ಇನ್ನೊಂದು ವಿಷಯ ಎತ್ತುತ್ತಾಳೆ. ಹಾಗ್ವರ್ಟ್ಸ್ ಶಾಲೆಯ ಅಧಿಕೃತ ಚರಿತ್ರೆ ಸಾವಿರಕ್ಕೂ ಹೆಚ್ಚು ಪುಟ ಉಂಟು, ಅಡುಗೆಮನೆಯಲ್ಲಿ ದುಡಿಯುವ ಎಲ್ಫ್ ಜೀತದಾಳುಗಳ ಹೆಸರು ಒಂದು ಸಲವೂ ಬಂದಿಲ್ಲ ಎಂಬುದು ಅವಳ ಸಿಟ್ಟು. ಕಾದಂಬರಿಯೇ ತನ್ನೊಳಗಿನ ಚರಿತ್ರೆಯ ಪುಸ್ತಕವನ್ನು ಸಂಶಯದಿಂದ ನೋಡುತ್ತದೆ. ಆ ಶಾಲೆಯಲ್ಲಿ ಚರಿತ್ರೆ ಕಲಿಸುವವನು ತಾನು ಸತ್ತದ್ದನ್ನೂ ಗಮನಿಸದ ಒಬ್ಬ ಪ್ರೇತ ಮೇಷ್ಟ್ರು, ಮಕ್ಕಳು ನಿದ್ದೆ ಮಾಡುತ್ತಾರೆ. ಯಾರಿಗೂ ಕೇಳುವ ಮನಸ್ಸಿಲ್ಲದ ಕಡೆ ಚರಿತ್ರೆ ಸುಲಭವಾಗಿ ಅಧಿಕೃತ ಆಗಿಬಿಡುತ್ತದೆ.

2007ರ ಕೊನೆಯ ಪುಸ್ತಕದಲ್ಲಿ ಈ ಲೆಕ್ಕ ಒಂದು ಮನೆಯ ಒಳಗೆ ಬರುತ್ತದೆ. ಡಂಬಲ್‌ಡೋರನ ತಂಗಿ ಅರಿಯಾನಾಗೆ ಆರು ವರ್ಷ. ಅವಳು ಮಂತ್ರ ಮಾಡುವುದನ್ನು ಕಂಡ ಮೂವರು ಹುಡುಗರು ಅವಳ ಮೇಲೆ ದಾಳಿ ಮಾಡುತ್ತಾರೆ. ಅಪ್ಪ ಸೇಡು ತೀರಿಸಿ ಜೈಲಿಗೆ ಹೋಗುತ್ತಾನೆ. ಯಾಕೆ ಹಾಗೆ ಮಾಡಿದೆ ಎಂದು ಕೊನೆಯವರೆಗೂ ಹೇಳುವುದಿಲ್ಲ. ಹೇಳಿದರೆ, ಗೋಪ್ಯತೆಗೆ ಅಪಾಯ ಎಂದು ಮಗಳನ್ನೇ ಜೀವಮಾನವಿಡೀ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಾರೆ. ಅಮ್ಮ ಊರು ಬಿಟ್ಟು, ಮಗಳನ್ನು ಮನೆಯೊಳಗೆ ಮುಚ್ಚಿಟ್ಟು ಬದುಕುತ್ತಾಳೆ. 1689ರ ಆ ಶಾಸನವನ್ನು ನಾನು ಮೊದಲ ಸಲ ನಂಬಿದ್ದು ಇಲ್ಲಿ. ತಾರೀಖು ಕೊಟ್ಟದ್ದಕ್ಕೆ ಅಲ್ಲ. ಒಂದು ಮಗು ಕಿಟಕಿಯ ಹತ್ತಿರ ಬರಬಾರದು ಎಂದಾದದ್ದಕ್ಕೆ.

3. 2016: ಪ್ರಶ್ನೆ ಕೇಳುವವರಿಲ್ಲದ ಚರಿತ್ರೆ

2016ರ ಮಾರ್ಚಿನಲ್ಲಿ ರೌಲಿಂಗ್ ಉತ್ತರ ಅಮೆರಿಕದ ಮಾಂತ್ರಿಕರ ಚರಿತ್ರೆಯನ್ನು ನಾಲ್ಕು ಸಣ್ಣ ಬರಹಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಸ್ಕಿನ್‌ವಾಕರ್ ಎಂಬ ಮಾತು ಬರುತ್ತದೆ. ಪ್ರಾಣಿಯ ರೂಪ ತಾಳುವ ದುಷ್ಟರ ಬಗೆಗಿನ ನವಾಹೋ ಜನರ ನಂಬಿಕೆ ಅದು. ಹೊರಗಿನವರ ಹತ್ತಿರ ಅವರು ಸಲೀಸಾಗಿ ಆಡುವ ವಿಷಯವೂ ಅಲ್ಲ. ರೌಲಿಂಗ್ ಅವರ ಬರಹದ ಪ್ರಕಾರ ಇದು ಪ್ರಾಣಿರೂಪ ತಾಳಬಲ್ಲ ನಿಜವಾದ ಮಾಂತ್ರಿಕರ ಮೇಲೆ ಹುಟ್ಟಿದ ಅಪವಾದ. ಅಂಥ ಅಪವಾದಗಳನ್ನು ಹಬ್ಬಿಸಿದವರಲ್ಲಿ ಮಂತ್ರ ಬಾರದ ಬುಡಕಟ್ಟಿನ ವೈದ್ಯರು ಇದ್ದರಂತೆ, ತಮ್ಮ ಸುಳ್ಳು ಬಯಲಾದೀತು ಎಂಬ ಹೆದರಿಕೆಗೆ. ಮಂತ್ರದಂಡ ಹುಟ್ಟಿದ್ದು ಯೂರೋಪಿನಲ್ಲಿ ಅಂತಲೂ ಅಲ್ಲಿ ಉಂಟು.

ಚೆರೊಕೀ ಜನಾಂಗದ ವಿದ್ವಾಂಸೆ ಏಡ್ರಿಯನ್ ಕೀನ್ ಸೇರಿದಂತೆ ಹಲವರು ಇದನ್ನು ಕಟುವಾಗಿ ಟೀಕಿಸಿದರು. ಇವತ್ತು ಬದುಕಿರುವ ಬೇರೆ ಬೇರೆ ಜನಾಂಗಗಳ ನಂಬಿಕೆಗಳನ್ನು ಒಂದೇ ಬುಟ್ಟಿಗೆ ಹಾಕಿ, ಯುನಿಕಾರ್ನಿನ ಸಾಲಿನಲ್ಲಿ ನಿಲ್ಲಿಸುವುದರ ವಿರುದ್ಧ ಅವರ ಮಾತಿತ್ತು. ಆ ಟೀಕೆಯನ್ನು ನಾನು ಒಪ್ಪುತ್ತೇನೆ. ಸಾಹಿತ್ಯದ ವಿದ್ಯಾರ್ಥಿಯಾಗಿ ಅದಕ್ಕೆ ಒಂದು ಮಾತು ಸೇರಿಸಬೇಕು ಅನಿಸ್ತದೆ. ಈ ಬರಹಗಳ ದೋಷ ವಿಷಯದಲ್ಲಿ ಮಾತ್ರ ಇಲ್ಲ, ರೂಪದಲ್ಲಿಯೂ ಉಂಟು. ಕಾದಂಬರಿಯಲ್ಲಿ ಚರಿತ್ರೆಯ ಪುಸ್ತಕ ಒಂದು ಪಾತ್ರ. ಅದನ್ನು ಹರ್ಮಯೋನಿ ಪ್ರಶ್ನಿಸಬಹುದು, ಹ್ಯಾರಿ ಅರ್ಧ ಓದಿ ಮುಚ್ಚಬಹುದು. 2016ರ ಬರಹಗಳು ವಿಶ್ವಕೋಶದ ದನಿಯಲ್ಲಿವೆ. ಅಲ್ಲಿ ಹರ್ಮಯೋನಿ ಇಲ್ಲ. ಯಾವ ಅಧಿಕೃತ ಚರಿತ್ರೆಯನ್ನು ತನ್ನ ಪಾತ್ರದ ಬಾಯಲ್ಲಿ ಬೈದಿದ್ದರೋ ಅದೇ ಧಾಟಿಯಲ್ಲಿ ಲೇಖಕಿಯೇ ಬರೆದುಬಿಟ್ಟರು.

ಸೇಲಂನ ಭಾಗ ಇನ್ನೂ ತೊಡಕಿನದು. ನಿಜವಾದ ಸೇಲಂನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನ ಮೇಲೆ ಕಲ್ಲು ಹೇರಿ ಕೊಂದರು. ಆರೋಪ ಮಾಡಿದವರು ನೆರೆಹೊರೆಯವರು, ತೀರ್ಪು ಕೊಟ್ಟವರು ವಸಾಹತಿನ ಗಣ್ಯರು. ರೌಲಿಂಗ್ ಅವರ ಗುಪ್ತ ಚರಿತ್ರೆಯಲ್ಲಿ ನ್ಯಾಯಾಧೀಶರ ಪೈಕಿ ಕಡಿಮೆಯೆಂದರೂ ಇಬ್ಬರು ಮಾಂತ್ರಿಕರೇ, ತಮ್ಮವರ ಮೇಲೆ ಸೇಡು ತೀರಿಸಲು ಕೂತವರು. ಸಂದಿಗೆ ಮೊಳೆ ಸರಿಯಾಗಿ ಬಿತ್ತು. ಆದರೆ ಏನಾಯಿತು ನೋಡಿ: ಮನುಷ್ಯರು ಮನುಷ್ಯರಿಗೆ ಮಾಡಿದ ಅನ್ಯಾಯದ ಒಂದು ಪಾಲು ಮಾಂತ್ರಿಕರ ಹೆಸರಿಗೆ ವರ್ಗವಾಯಿತು. ಸೇಲಂನ ಕಡತ ಇನ್ನೂ ಹಳೆಯದಾಗಿಲ್ಲ. 1697ರಲ್ಲಿ ನ್ಯಾಯಾಧೀಶರಲ್ಲೊಬ್ಬರಾದ ಸಾಮ್ಯುಯೆಲ್ ಸೀವಾಲ್ ಎಲ್ಲರೆದುರು ತಪ್ಪೊಪ್ಪಿಕೊಂಡರು. ಶಿಕ್ಷೆಗೊಳಗಾದವರ ಪೈಕಿ ಕೊನೆಯವಳಾಗಿ ಎಲಿಜಬೆತ್ ಜಾನ್ಸನ್ ನಿರ್ದೋಷಿ ಎಂದು ಮಸಾಚುಸೆಟ್ಸ್ ಶಾಸನಸಭೆ ಹೇಳಿದ್ದು 2022ರಲ್ಲಿ. ಅದಕ್ಕಾಗಿ ಓಡಾಡಿದವರು ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳು ಮತ್ತು ಅವರ ಟೀಚರು. ಇಂಥ ಕಡತಕ್ಕೆ ಮಾಂತ್ರಿಕ ನ್ಯಾಯಾಧೀಶನನ್ನು ಸೇರಿಸುವುದು ತಮಾಷೆಯ ವಿಷಯ ಅಲ್ಲ.

4. ಯಾರ್ಕಿನ ಕಲ್ಲುಗಳು

ಇದಕ್ಕೆ ಎದುರಾಗಿ ನಾನು ಇಡುವುದು ಸುಸಾನಾ ಕ್ಲಾರ್ಕ್ 2004ರಲ್ಲಿ ಪ್ರಕಟಿಸಿದ ‘ಜೊನಾಥನ್ ಸ್ಟ್ರೇಂಜ್ ಆಂಡ್ ಮಿಸ್ಟರ್ ನೊರೆಲ್’ ಕಾದಂಬರಿಯನ್ನು. ಕಥೆ ಶುರುವಾಗುವುದು 1806ರಲ್ಲಿ, ನೆಪೋಲಿಯನ್ ಜೊತೆಗಿನ ಯುದ್ಧದ ಕಾಲ. ಇಲ್ಲಿ ಮಂತ್ರವನ್ನು ಯಾರೂ ಮುಚ್ಚಿಟ್ಟಿಲ್ಲ, ಅದು ಮರೆತುಹೋಗಿದೆ. ಉತ್ತರ ಇಂಗ್ಲೆಂಡನ್ನು ಕಾಗೆಯರಸ ಎಂಬವನು ಮುನ್ನೂರು ವರ್ಷ ಆಳಿದ್ದ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಯಾರ್ಕ್ ನಗರದಲ್ಲಿ ಮಾಂತ್ರಿಕರ ಸಂಘವೂ ಉಂಟು. ಆದರೆ ಅವರು ಮಂತ್ರ ಮಾಡುವವರಲ್ಲ, ಮಂತ್ರದ ಬಗ್ಗೆ ಪ್ರಬಂಧ ಓದುವವರು. (ಈ ಕಡೆಯ ಕೆಲವು ಕ್ಯಾಮೆರಾಗಳಲ್ಲಿ ನಗು ಕಾಣ್ತಾ ಉಂಟು. ನಾನೂ ಅದೇ ಪಂಗಡ.)

ಪುಸ್ತಕದಲ್ಲಿ ಇನ್ನೂರರ ಸಮೀಪ ಅಡಿಟಿಪ್ಪಣಿಗಳಿವೆ. ಇಲ್ಲದ ಪುಸ್ತಕಗಳು, ಇಲ್ಲದ ವಿದ್ವಾಂಸರು, ಅವರ ಜಗಳಗಳು. ರೌಲಿಂಗ್ ಅವರ 2016ರ ದನಿಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲಿ. ಒಂದು ಟಿಪ್ಪಣಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ. ಚರಿತ್ರೆ ಎಂದರೆ ತಕರಾರು ಎಂದು ಒಪ್ಪಿಕೊಂಡೇ ಕಾದಂಬರಿ ನಡೆಯುತ್ತದೆ.

ನೊರೆಲ್ ಎಂಬ ಜಿಪುಣ ಮಾಂತ್ರಿಕ ಯಾರ್ಕಿನ ಸಂಘಕ್ಕೆ ಒಂದು ಪಂಥ ಕಟ್ಟುತ್ತಾನೆ. ನಾನು ನಿಜವಾಗಿ ಮಂತ್ರ ಮಾಡಿ ತೋರಿಸಿದರೆ ನೀವೆಲ್ಲ ಮಾಂತ್ರಿಕರೆಂಬ ಹೆಸರು ಬಿಡಬೇಕು. ಒಬ್ಬನ ಹೊರತು ಎಲ್ಲರೂ ಸಹಿ ಹಾಕುತ್ತಾರೆ. 1807ರ ಫೆಬ್ರವರಿಯಲ್ಲಿ ಯಾರ್ಕಿನ ದೊಡ್ಡ ಇಗರ್ಜಿಯ ಕಲ್ಲಿನ ಮೂರ್ತಿಗಳು ಮಾತಾಡಲು ತೊಡಗುತ್ತವೆ. ಶತಮಾನಗಳ ಮೇಲೆ ಮಂತ್ರ ಮರಳಿ ಬಂದ ಗಳಿಗೆ ಅದು. ಮೊದಲು ಬಾಯಿ ಬಿಟ್ಟ ಕಲ್ಲು ಹೇಳಿದ್ದೇನು? ರಾಜನ ಸುದ್ದಿ ಅಲ್ಲ, ಮಂತ್ರದ ಮಹಿಮೆ ಅಲ್ಲ. ಐನೂರು ವರ್ಷದ ಹಿಂದೆ ಒಬ್ಬ ಯುವಕ ಅಲ್ಲೇ ಒಬ್ಬ ಹುಡುಗಿಯನ್ನು ಕತ್ತು ಹಿಸುಕಿ ಕೊಂದಿದ್ದ. ಕಂಡದ್ದು ಕಲ್ಲುಗಳು ಮಾತ್ರ. ಆಮೇಲೆ ಅವನು ಪ್ರಾರ್ಥನೆಗೆ ಬಂದಾಗಲೆಲ್ಲ ಅವು ಕೂಗಿ ಹೇಳಿದ್ದವು, ಕೇಳಿಸಿಕೊಂಡವರಿಲ್ಲ.

ಗುಪ್ತ ಇತಿಹಾಸ ನಂಬುವಂತಾಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮುಚ್ಚಿಹೋಗಿದ್ದದ್ದು ಮಂತ್ರವೇ ಅಂದುಕೊಂಡು ನಾವು ಕಾಯುತ್ತಿರುತ್ತೇವೆ. ತೆರೆದಾಗ ಸಿಗುವುದು ಲೆಕ್ಕಕ್ಕೆ ಬಾರದ ಒಂದು ಸಾವು.

ಕಾದಂಬರಿ ಆ ಲೆಕ್ಕವನ್ನು ಕೊನೆಯವರೆಗೂ ಬಿಡುವುದಿಲ್ಲ. ನೊರೆಲ್ ತನ್ನ ಹೆಸರಿಗಾಗಿ ಒಬ್ಬ ಸತ್ತ ಹೆಂಗಸನ್ನು ಬದುಕಿಸುತ್ತಾನೆ. ಅದಕ್ಕೆ ಅವಳ ಅರ್ಧ ಆಯುಸ್ಸನ್ನು ಒಬ್ಬ ಯಕ್ಷನಿಗೆ ಬರೆದುಕೊಟ್ಟದ್ದನ್ನು ಮುಚ್ಚಿಡುತ್ತಾನೆ. ಅವಳು ನಿಜ ಹೇಳಲು ಬಾಯಿ ತೆರೆದರೆ ಮಂತ್ರದ ಕಟ್ಟಿನಿಂದ ಬೇರೇನೋ ಕಥೆ ಹೊರಡುತ್ತದೆ. ಮನೆಯವರು ಹುಚ್ಚು ಅನ್ನುತ್ತಾರೆ. ಅವಳಂತೆಯೇ ಸಿಕ್ಕಿಬಿದ್ದ ಇನ್ನೊಬ್ಬ ಸ್ಟೀಫನ್ ಬ್ಲ್ಯಾಕ್, ಆ ಮನೆಯ ಕರಿಯ ಬಟ್ಲರ್. ಗುಲಾಮಳಾಗಿದ್ದ ತಾಯಿಗೆ ಹಡಗಿನಲ್ಲಿ ಹುಟ್ಟಿದವನು, ಅಮ್ಮ ಇಟ್ಟ ಹೆಸರು ಗೊತ್ತಿಲ್ಲದವನು. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು ಕಲ್ಲುಗಳು ಮಾತಾಡಿದ ಅದೇ 1807ರಲ್ಲಿ. ಲೇಖಕಿ ಅದನ್ನು ಬೆರಳಿಟ್ಟು ತೋರಿಸುವುದಿಲ್ಲ. ನಿಜವಾದ ಚರಿತ್ರೆಯ ಸಾಲವನ್ನು ಮಾಂತ್ರಿಕ ಚರಿತ್ರೆಯ ಹೆಸರಿನಲ್ಲಿ ಮನ್ನಾ ಮಾಡುವುದೂ ಇಲ್ಲ.

5. ಅಜ್ಜಿಯ ಪ್ರಶ್ನೆ

ಈಗ ನನ್ನ ಸೋತ ಕಥೆಗೆ ಬರ್ತೇನೆ.

ನಮ್ಮ ಕಡೆ ವಿಷ್ಣುಮೂರ್ತಿ ದೈವದ ಒತ್ತೆಕೋಲ ನಡೆಯುತ್ತದೆ. ಕೆಂಡಕ್ಕೆ ಬೀಳುವ ದೈವ. ದಕ್ಷಿಣಕ್ಕೆ ಹೋದ ಹಾಗೆ ಅದೇ ದೈವ ತೆಯ್ಯಂ. ಮಲಯ ಸಮುದಾಯದವರು ಕಟ್ಟುತ್ತಾರೆ. ಅದರ ಹಿಂದಿನ ಕಥೆ ನೀಲೇಶ್ವರದ ಪಾಲಂದಾಯಿ ಕಣ್ಣನದು. ಹೇಳುವವರಿಂದ ಹೇಳುವವರಿಗೆ ವಿವರ ಸ್ವಲ್ಪ ಬದಲಾಗ್ತದೆ, ತಿರುಳು ಒಂದೇ. ಕಣ್ಣ ತೀಯ ಸಮುದಾಯದ ಹುಡುಗ, ಕುರುಪ್ ಎಂಬ ಧಣಿಯ ದನ ಕಾಯುತ್ತಿದ್ದವನು. ಮಾವಿನ ಮರ ಹತ್ತಿ ತಿನ್ನುತ್ತಿದ್ದಾಗ ಹಣ್ಣು ಕೆಳಗೆ ಹೋಗುತ್ತಿದ್ದ ಧಣಿಯ ಮನೆಯ ಹುಡುಗಿಯ ಮೇಲೆ ಬಿತ್ತು. ಅಷ್ಟಕ್ಕೆ ಅವನು ಜೀವ ಉಳಿಸಿಕೊಂಡು ಮಂಗಳೂರಿಗೆ ಓಡಬೇಕಾಯಿತು. ಅಲ್ಲಿ ಒಬ್ಬ ಮುದುಕಿಯ ಆಶ್ರಯ, ಅವಳ ಮನೆಯ ದೈವ ವಿಷ್ಣುಮೂರ್ತಿ. ಹನ್ನೆರಡು ವರ್ಷದ ಮೇಲೆ ದೈವದ ಸಮೇತ ಊರಿಗೆ ಮರಳಿದ. ಕೆರೆಯಲ್ಲಿ ಮೀಯುತ್ತಿದ್ದಾಗ ಕುರುಪ್ ಬಂದು ಕಡಿದು ಕೊಂದ. ಆಮೇಲೆ ಊರಿಗೆ ಕೇಡು ಬಂತು, ದೈವಕ್ಕೆ ಸ್ಥಾನ ಕಟ್ಟಿದರು.

ನೋಡಿ, ಹೊಳೆ ದಾಟಿ ತುಳುನಾಡಿಗೆ ಬಂದು, ಮತ್ತೆ ಮಲಯಾಳದ ಕಡೆಗೆ ಶಕ್ತಿಯೊಂದನ್ನು ಕೊಂಡುಹೋದ ಹುಡುಗ. ನನ್ನಂಥ ಕಥೆಗಾರ್ತಿಗೆ ಇದಕ್ಕಿಂತ ಒಳ್ಳೆಯ ಸಂದು ಬೇಕಾ? ನಾನು ಕಣ್ಣನನ್ನು ನನ್ನ ಗುಪ್ತ ಸಂಘದ ದೂತ ಮಾಡಿದೆ. ಮಂಗಳೂರಿಗೆ ಓಡಿದ್ದು ಓಡಿದ್ದಲ್ಲ, ಸಂಘ ಕಳಿಸಿದ್ದು. ಹನ್ನೆರಡು ವರ್ಷ ಆಶ್ರಯ ಅಲ್ಲ, ತರಬೇತಿ. ಕೊಂದದ್ದು ಎದುರು ಪಂಗಡದ ಮಾಂತ್ರಿಕ, ಧಣಿಯ ರೂಪದಲ್ಲಿ. ಎಲ್ಲವೂ ಹೊಂದಿಕೊಂಡಿತು. ಬಹಳ ಹೆಮ್ಮೆಯಿಂದ ಅಜ್ಜಿಗೆ ತುಳುವಿನಲ್ಲಿ ಹೇಳಿದೆ.

ಅಜ್ಜಿ ವೀಳ್ಯ ಜಗಿಯುವುದನ್ನು ನಿಲ್ಲಿಸಿ ಕೇಳಿದರು, ‘ಹಾಗಾದ್ರೆ ಕುರುಪ್ ಕೊಂದದ್ದಲ್ಲ ಅಂತಾಯ್ತಲ್ಲ ಮಗಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೇಲಂನ ನ್ಯಾಯಾಧೀಶನಿಗೆ ರೌಲಿಂಗ್ ಮಾಡಿದ್ದನ್ನು ನಾನು ನೀಲೇಶ್ವರದ ಧಣಿಗೆ ಮಾಡಿದ್ದೆ. ಒಂದು ಮಾವಿನ ಹಣ್ಣಿಗಾಗಿ ಮನುಷ್ಯ ಮನುಷ್ಯನನ್ನು ಕೊಂದ ಕಥೆಯನ್ನು ಮಾಂತ್ರಿಕರ ಒಳಜಗಳ ಮಾಡಿ, ಜಾತಿಯನ್ನು ಆ ಕಥೆಯಿಂದ ಬಿಡಿಸಿ ಕಳಿಸಿಬಿಟ್ಟಿದ್ದೆ.

ಆಮೇಲೆ ಯೋಚಿಸಿದಾಗ ಇನ್ನೂ ಒಂದು ತಪ್ಪು ಕಂಡಿತು. ಮಾಂತ್ರಿಕರು ಅಡಗಿರಬೇಕು ಎಂಬ ಕಲ್ಪನೆಯೇ ನಮ್ಮ ನೆಲದ್ದಲ್ಲ. ಅದು ಯೂರೋಪಿನ ಬೇಟೆಯ ಚರಿತ್ರೆಯಿಂದ ಹುಟ್ಟಿದ್ದು. ಕೊಟ್ಟಾರತ್ತಿಲ್ ಶಂಕುಣ್ಣಿಯವರು 1909ರಿಂದ ಎಂಟು ಭಾಗಗಳಲ್ಲಿ ಹೊರತಂದ ಮಲಯಾಳಂನ ‘ಐತಿಹ್ಯಮಾಲ’ ನೋಡಿ. ಅಲ್ಲಿ ಮಾಂತ್ರಿಕರಿಗೆ ಮನೆತನದ ಹೆಸರುಂಟು, ಊರುಂಟು, ಕಡಮಟ್ಟತ್ತ್ ಕತ್ತನಾರ್‌ನಂಥ ಮಾಂತ್ರಿಕ ಪಾದ್ರಿಯೂ ಉಂಟು. ಬೇಕಾದವರು ಮನೆ ಬಾಗಿಲಿಗೆ ಹೋಗಿ ಕರೆಯುತ್ತಾರೆ. ನಮ್ಮಲ್ಲಿ ಬಲವಿದ್ದವರು ಮುಚ್ಚಲು ಹೊರಟದ್ದು ಮಂತ್ರವನ್ನಲ್ಲ, ಕೊಲೆಯನ್ನು. ಮುಚ್ಚಲು ಬಿಡದೆ ಇದ್ದದ್ದು ದೈವ. ಪ್ರತಿ ವರ್ಷ ಊರಿನ ಎದುರು, ಆ ಧಣಿಗಳ ಮನೆತನದವರೂ ಕೈಮುಗಿದು ನಿಂತಿರುವಾಗ, ಕೊಂದವನು ಯಾರು ಎಂದು ತೋಟ್ಟಂ ಹೇಳುತ್ತದೆ. ಯಾರ್ಕಿನ ಕಲ್ಲುಗಳಿಗೆ ಐನೂರು ವರ್ಷ ಕೇಳುಗರು ಸಿಗಲಿಲ್ಲ. ಇಲ್ಲಿ ಕೇಳುಗರಿದ್ದಾರೆ, ಮೈಕೂ ಉಂಟು. ನಾನು ಹೋಗಿ ಅದನ್ನು ಆಫ್ ಮಾಡಲು ಹೊರಟಿದ್ದೆ.

6. ಓದಲು ಬಾರದ ಅಕ್ಷರ

ಕ್ಲಾರ್ಕ್ ಕಾದಂಬರಿಯ ಕೊನೆಗೆ ಕಾಗೆಯರಸನ ಪುಸ್ತಕ ಸಿಗುತ್ತದೆ. ಅದು ವಿಂಕುಲಸ್ ಎಂಬ ಬೀದಿ ಮಾಂತ್ರಿಕನ ಮೈಮೇಲೆ ಬರೆದಿದೆ. ಅವನ ಅಪ್ಪ ಕುಡಿತದ ಪಂಥದಲ್ಲಿ ಮೂಲ ಪುಸ್ತಕವನ್ನು ತಿಂದುಬಿಟ್ಟಿದ್ದ. ಅಕ್ಷರ ಕಣ್ಣೆದುರಿಗೇ ಉಂಟು, ಓದಲು ಬಲ್ಲವರು ಯಾರೂ ಇಲ್ಲ. ನೊರೆಲ್‌ನ ಹಳೆಯ ಆಳು ಚಿಲ್ಡರ್ಮಾಸ್ ಅವನನ್ನು ಯಾರ್ಕಿಗೆ ಕರೆತಂದು, ಸಂಘದ ಹಳೆಯ ಸದಸ್ಯರಿಗೆ ಹೇಳುತ್ತಾನೆ: ನೀವು ಸಹಿ ಹಾಕಿದ ಕರಾರು ಮುಗಿಯಿತು, ಬನ್ನಿ, ಓದುವ.

ನಮ್ಮ ಮನೆಯಲ್ಲಿ ಹಳೆಯ ಜಾಗದ ಕಾಗದಗಳು ಕನ್ನಡದಲ್ಲಿವೆ, ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ್ದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು, ಅದು ಜಾರಿಯಾಗಲಿಲ್ಲ. ಒಮ್ಮೆ ಕಚೇರಿಯೊಂದಕ್ಕೆ ಆ ಕಾಗದ ಹಿಡಿದುಕೊಂಡು ಹೋದಾಗ ಮೇಜಿನ ಆಚೆ ಇದ್ದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. ಅವರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಅಕ್ಷರ ಬರುತ್ತಿರಲಿಲ್ಲ, ಅಷ್ಟೆ.

ಈ ಹೋಲಿಕೆಯನ್ನು ನಾನು ಹೆಚ್ಚು ಎಳೆಯುವುದಿಲ್ಲ. ಗಡಿನಾಡ ಕನ್ನಡಿಗರು ಗುಪ್ತ ಸಮಾಜ ಅಲ್ಲ. ನಮಗೆ ರೇಷನ್ ಕಾರ್ಡು ಉಂಟು, ವೋಟು ಉಂಟು, ನಮ್ಮ ತಾರೀಖುಗಳೆಲ್ಲ ಗಜೆಟ್ಟಿನಲ್ಲಿವೆ. ನಾನು ಕಲಿತದ್ದು ಇಷ್ಟೇ: ಒಂದು ಚರಿತ್ರೆ ಮರೆಯಾಗಲು ಮಂತ್ರ ಬೇಡ, ಶಾಸನ ಬೇಡ. ಓದುವವರು ಕಡಿಮೆಯಾದರೆ ಸಾಕು. ಕಲ್ಪ್ಯ ಚರಿತ್ರೆ ಕಟ್ಟುವವರು ದೊಡ್ಡ ಪಿತೂರಿಗಿಂತ ಇಂಥ ಮೇಜುಗಳನ್ನು ನಂಬುವುದು ಒಳ್ಳೆಯದು.

ಚರ್ಚೆಯಿಂದ

ಅಧ್ಯಾಪಕರೊಬ್ಬರು ಕೇಳಿದರು: ಹಾಗಾದರೆ ದೈವಗಳನ್ನು ಕಥೆಯಲ್ಲಿ ತರಲೇಬಾರದು ಎಂಬ ತೀರ್ಮಾನಕ್ಕೆ ಬರಬೇಕಾ?

ಬೇಡ ಸರ್. ಪಾಡ್ದನ, ತೋಟ್ಟಂ ಹೇಳುವವರೂ ಕಥೆ ಕಟ್ಟುವವರೇ, ಅವರಲ್ಲಿಯೂ ಪಾಠಾಂತರ ಉಂಟು. ಬದಲಿಸಬಾರದು ಅಂತ ನಾನು ಹೇಳ್ತಾ ಇಲ್ಲ. ಬದಲಿಸಿದಾಗ ಯಾರ ಅಪರಾಧ ಇಳಿಯಿತು, ಯಾರ ನೋವು ಟಿಪ್ಪಣಿಯಾಯಿತು ಎಂದು ಒಮ್ಮೆ ಲೆಕ್ಕ ಹಾಕಬೇಕು ಅಂತ ಮಾತ್ರ.

ಅಕ್ಕಲಕೋಟೆ ಕಡೆಯ ಗೆಳತಿಯೊಬ್ಬಳು ಕೇಳಿದಳು: ಕ್ಲಾರ್ಕ್ ತನ್ನ ನಾಡಿನ ಕಥೆ ಬರೆದಳು, ರೌಲಿಂಗ್ ಬೇರೆಯವರದ್ದಕ್ಕೆ ಕೈ ಹಾಕಿದಳು. ವ್ಯತ್ಯಾಸ ಅಷ್ಟೇ ಅಲ್ವಾ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಾನು ಒಳಗಿನವಳೇ. ಒತ್ತೆಕೋಲದ ಬೂದಿ ಹಣೆಗೆ ಹಚ್ಚಿಕೊಂಡು ಬೆಳೆದವಳು. ಆದರೂ ಅದೇ ತಪ್ಪು ಮಾಡಿದೆ. ಒಳಗಿನವರಾಗಿರುವುದು ಸಾಕಾಗುವುದಿಲ್ಲ. ಕಥೆಯೊಳಗೆ ಎದ್ದು ನಿಂತು ಕೇಳುವ ಒಬ್ಬರು ಬೇಕು. ಹಾಗ್ವರ್ಟ್ಸಿನಲ್ಲಿ ಅದು ಹರ್ಮಯೋನಿ, ಯಾರ್ಕಿನಲ್ಲಿ ಕಲ್ಲುಗಳು ಮತ್ತು ಸಹಿ ಹಾಕದ ಒಬ್ಬ ಮನುಷ್ಯ. ನನಗೆ ಅಜ್ಜಿ ಇದ್ದರು.

ಕಥೆಯನ್ನು ಈಗ ಮತ್ತೆ ಬರೀತಾ ಇದ್ದೇನೆ. ಸಂಘ ಉಂಟು, ಕುರುಪ್ ಕೂಡ ಉಂಟು. ಕೊಂದವನು ಅವನೇ. ಕಣ್ಣ ದೂತ ಅಲ್ಲ, ದನ ಕಾಯುವ ಹುಡುಗ. ಅವನು ಕೆರೆಗೆ ಇಳಿಯುವ ದಿನ ಏನಾಗಲಿಕ್ಕುಂಟು ಎಂದು ಸಂಘದವರಿಗೆ ಮೊದಲೇ ಗೊತ್ತಿತ್ತು. ತಡೆದರೆ ತಾವು ಬಯಲಾಗುತ್ತೇವೆ ಎಂದು ಸುಮ್ಮನಿದ್ದರು. ಅವರ ಕಡತದಲ್ಲಿ ಆ ದಿನದ ಪುಟ ಖಾಲಿ. ಅಜ್ಜಿಗೆ ಇದನ್ನು ಇನ್ನೂ ಓದಿ ಹೇಳಿಲ್ಲ. ಓದಬೇಕು.